ರುಜು ಹಾಕದ ಸಭಾಪಾಲಕ

ಗೃಹಸ್ಥನಾದವನಿಗೆ ರುಜು ಹಾಕುವುದು ದಿನದಿನದ ಕೆಲಸ. ಕಂದಾಯದ ಕಾಗದ, ಮಕ್ಕಳ ಶಾಲೆಯ ಅಂಕಪಟ್ಟಿ, ಅಂಚೆಯವನು ತಂದ ರಿಜಿಸ್ಟರ್ ಲಕೋಟೆ, ಸಹಕಾರ ಸಂಘದ ಸಾಲಪತ್ರ, ಇವುಗಳ ಕೆಳಗೆ ಹೆಸರನ್ನು ಗೀಚುವಾಗ ಮೇಲಣ ಒಕ್ಕಣೆಯನ್ನು ನಾವು ಪೂರ್ತಿಯಾಗಿ ಓದುವುದೇ ಅಪರೂಪ. ರುಜು ಎಂಬ ಮಾತು ಕಚೇರಿಯ ಮಾರ್ಗವಾಗಿ ಹಿಂದೂಸ್ತಾನಿಯಿಂದ ಕನ್ನಡಕ್ಕೆ ಬಂದುದು. ಸಂಸ್ಕೃತದ ‘ಋಜು’ವಿಗೂ ಅದಕ್ಕೂ ನಂಟಿಲ್ಲ. ಆದರೂ ಋಜುವೆಂದರೆ ನೇರವಾದುದು, ಡೊಂಕಿಲ್ಲದುದು ಎಂದು ಕಲಿತ ನಮ್ಮ ಕಿವಿಗೆ ಎರಡೂ ಒಂದೇ ಆಗಿ ಕೇಳಿಸುವುದುಂಟು. ಪ್ರಕೃತ ನಾವು ಹೇಳಹೊರಟಿರುವುದು, ಒಂದು ಕಾಗದದ ಕೆಳಗೆ ರುಜು ಹಾಕಲಾರೆನೆಂದು ಹೇಳಿ ಪ್ರಾಣವನ್ನೇ ತೆತ್ತ ಒಬ್ಬ ಹಳ್ಳಿಯ ಪಾದ್ರಿಯ ವೃತ್ತಾಂತವನ್ನು.

ಜರ್ಮನಿಯ ಪಾದ್ರಿ ಎಂದೊಡನೆ ಕನ್ನಡಿಗರಿಗೆ ಕಿಟ್ಟೆಲರ ನೆನಪಾಗುವುದು ಸಹಜ. 1894ರಲ್ಲಿ ಅಚ್ಚಾದ ಅವರ ನಿಘಂಟನ್ನು ಮುಟ್ಟದೆ ಕನ್ನಡದ ಪಾಂಡಿತ್ಯ ಸಾಗದು. ನಮ್ಮ ಕಥಾನಾಯಕರಾದ ಪೌಲ್ ಷ್ನೈಡರ್ ಅಂತಹ ವಿದ್ವಾಂಸರಲ್ಲ. ಗ್ರಂಥಕರ್ತರೂ ಅಲ್ಲ, ದೊಡ್ಡ ಪಟ್ಟಣದ ವಾಗ್ಮಿಗಳೂ ಅಲ್ಲ. ಅವರು 1897ನೆಯ ಆಗಸ್ಟ್ 29ರಂದು ಜರ್ಮನಿಯ ಪಶ್ಚಿಮಭಾಗದ ಒಂದು ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ತಾವಾಗಿಯೇ ಸೈನ್ಯಕ್ಕೆ ಸೇರಿ, ಗಾಯಗೊಂಡು, ಶೌರ್ಯಪದಕವನ್ನು ಪಡೆದರು. ಬಳಿಕ ದೇವತಾಶಾಸ್ತ್ರವನ್ನು ಓದಿದರು. ಓದು ಮುಗಿದ ಮೇಲೆ, ಬೆವರು ಸುರಿಸುವವರ ಬಾಳನ್ನು ಅರಿಯದೆ ಅವರಿಗೆ ಉಪದೇಶಮಾಡುವುದು ಸಲ್ಲದೆಂದು 1922ರಲ್ಲಿ ಕೆಲವು ತಿಂಗಳು ಉಕ್ಕಿನ ಕಾರ್ಖಾನೆಯ ಕುಲುಮೆಯ ಬಳಿ ಕೂಲಿಯಾಗಿ ದುಡಿದರು. 1926ರಲ್ಲಿ ಮಾರ್ಗರೇಟೆ ಎಂಬ ಪಾದ್ರಿಯ ಮಗಳೊಡನೆ ವಿವಾಹವಾಯಿತು. ಅದೇ ವರ್ಷ ತಂದೆಯವರು ತೀರಿಕೊಂಡುದರಿಂದ ಅವರ ಸಭೆಯ ಹೊಣೆ ಮಗನ ಮೇಲೆ ಬಿತ್ತು.

ಪ್ರೊಟೆಸ್ಟೆಂಟ್ ಕ್ರೈಸ್ತರು ಕನ್ನಡದಲ್ಲಿ ತಮ್ಮ ಪಾದ್ರಿಯನ್ನು ಸಭಾಪಾಲಕರೆಂದು ಕರೆಯುವರು. ಇದು ಸೊಗಸಾದ ಅನುವಾದ. ಲ್ಯಾಟಿನ್ ಭಾಷೆಯ ಮೂಲಪದಕ್ಕೆ ಕುರಿಗಾಹಿ ಎಂದೇ ಅರ್ಥ. ಕುರಿಗಾಹಿಯು ಮಂದೆಯನ್ನು ಬಿಟ್ಟು ಹೋಗಬಹುದೇ, ಬಿಡೆಂದು ಅಪ್ಪಣೆ ಕೊಡುವ ಅಧಿಕಾರ ಯಾರದು? ಷ್ನೈಡರರ ಬಾಳಿನ ವ್ಯಾಜ್ಯವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

1933ನೆಯ ಜನವರಿ 30ರಂದು ಹಿಟ್ಲರನು ಜರ್ಮನಿಯ ಪ್ರಧಾನಿಯಾದನು. ಸೋತು ಸೊರಗಿದ ದೇಶಕ್ಕೆ ಇವನಿಂದ ಒಳಿತಾದೀತೆಂದು ನಂಬಿದವರಲ್ಲಿ ಪಾದ್ರಿಗಳೂ ಬಹಳ ಮಂದಿಯಿದ್ದರು. ಷ್ನೈಡರರೂ ಮೊದಮೊದಲು ಸ್ವಲ್ಪ ಆಸೆಯಿಟ್ಟವರೇ. ಇದನ್ನು ಮರೆಮಾಚಿ ಅವರನ್ನು ಹುಟ್ಟು ವೀರರೆಂದು ಚಿತ್ರಿಸುವುದು ನಮಗೆ ಇಷ್ಟವಿಲ್ಲ. ಆದರೆ ಆ ಆಸೆ ಒಂದು ವರ್ಷವೂ ಬಾಳಲಿಲ್ಲ. ನಾಜಿ ಪಕ್ಷದ ಪಡೆಯ ನಾಯಕನಾದ ರೋಮ್ ಎಂಬವನು ಸದಾಚಾರವನ್ನು ಹಳಿದು ಹೇಳಿಕೆ ಕೊಟ್ಟಾಗ ಷ್ನೈಡರರು ಅದನ್ನು ಬಹಿರಂಗವಾಗಿ ಖಂಡಿಸಿದರು. ದೂರು ಹೋಯಿತು, ಮೇಲಿನವರು ಗದರಿಸಿದರು, 1934ರ ವಸಂತದಲ್ಲಿ ಅವರನ್ನು ಹುನ್ಸ್ರುಕ್ ಎಂಬ ಗುಡ್ಡಗಾಡಿನ ಡಿಕೆನ್‌ಶೀಡ್, ವೋಮ್‌ರಾಥ್ ಎಂಬ ಎರಡು ಕುಗ್ರಾಮಗಳಿಗೆ ವರ್ಗಮಾಡಿದರು. ಮಾತಾಳಿಯನ್ನು ಮೂಲೆಗೆ ಅಟ್ಟಿದರೆ ಸದ್ದಡಗುವುದೆಂಬ ಉಪಾಯ ಎಲ್ಲ ದೇಶದ ಕಚೇರಿಗಳಿಗೂ ತಿಳಿದದ್ದೇ.

ಆ ಕಾಲಕ್ಕೆ ಜರ್ಮನಿಯ ಪ್ರೊಟೆಸ್ಟೆಂಟರೊಳಗೇ ಬಿರುಕು ಬಿಟ್ಟಿತ್ತು. ‘ಜರ್ಮನ್ ಕ್ರೈಸ್ತರು’ ಎಂದು ಹೆಸರಿಟ್ಟುಕೊಂಡ ಒಂದು ಪಂಗಡವು ಹಿಟ್ಲರನ ಆಳಿಕೆಯಲ್ಲಿ ದೈವಸಂಕಲ್ಪವನ್ನೇ ಕಂಡಿತು. ಯೆಹೂದ್ಯ ಸಂತತಿಯ ಪಾದ್ರಿಗಳು ಕೆಲಸ ಬಿಡಬೇಕೆಂದಿತು. ಇದಕ್ಕೆ ಅವರು ಕೊಟ್ಟ ಹೆಸರು ‘ಆರ್ಯ’ ನಿಬಂಧನೆ. ಸಂಸ್ಕೃತವನ್ನು ಬಲ್ಲವರಿಗೆ ಇದನ್ನು ಕೇಳಿ ನಗುವುದೋ ಅಳುವುದೋ ತಿಳಿಯದು. ನಮ್ಮ ನಾಟಕಗಳಲ್ಲಿ ಹೆಂಡತಿಯು ಗಂಡನನ್ನು ಆರ್ಯಪುತ್ರನೆನ್ನುವಾಗ ಅವನ ಮೂಗನ್ನು ಅಳೆದು ಹೇಳುವುದಿಲ್ಲ. ಇದಕ್ಕೆ ಇದಿರಾಗಿ ನಿಂತವರು 1934ರ ಮೇ ತಿಂಗಳ ಕೊನೆಯಲ್ಲಿ ಬಾರ್ಮೆನ್ ಎಂಬಲ್ಲಿ ಕೂಡಿ, ಸಭೆಯ ಒಡೆಯನು ಕ್ರಿಸ್ತನೊಬ್ಬನೇ, ರಾಜ್ಯದ ನಾಯಕನಲ್ಲ ಎಂಬರ್ಥದ ಘೋಷಣೆಯನ್ನು ಹೊರಡಿಸಿದರು. ಆ ಘೋಷಣೆಯಲ್ಲಿ ಯೆಹೂದ್ಯರ ಹೆಸರೇ ಇಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ತಮ್ಮ ಬೇಲಿಯನ್ನು ಕಾಯುವುದರಲ್ಲಿ ಆ ಸಜ್ಜನರು ನೆರೆಯವನ ಮನೆ ಉರಿಯುವುದನ್ನು ಸಾಕಷ್ಟು ನೋಡಲಿಲ್ಲ. ಷ್ನೈಡರರು ಈ ಎರಡನೆಯ ಪಂಗಡದವರು.

ಬಾರ್ಮೆನ್ ಸಭೆ ಮುಗಿದು ಎರಡು ವಾರವಾಗಿರಲಿಲ್ಲ. ನೆರೆಯ ಊರಿನ ಹುಡುಗನೊಬ್ಬ, ಹಿಟ್ಲರ್ ಬಾಲಸೇನೆಗೆ ಸೇರಿದ್ದವನು, ತೀರಿಕೊಂಡನು. ಆ ಊರಿನ ಪಾದ್ರಿಯ ಬದಲಿಗೆ ಷ್ನೈಡರರು ಉತ್ತರಕ್ರಿಯೆಗೆ ಹೋದರು. ಪ್ರಾರ್ಥನೆ ಮುಗಿದ ಮೇಲೆ ನಾಜಿ ಪಕ್ಷದ ಜಿಲ್ಲಾ ಮುಖಂಡನು ಸಮಾಧಿಯ ಬಳಿಗೆ ಬಂದು, ಈ ಹುಡುಗನು ಈಗ ಸ್ವರ್ಗದಲ್ಲಿರುವ ಹೋರ್ಸ್ಟ್ ವೆಸೆಲನ ದಳಕ್ಕೆ ಸೇರಿದನೆಂದು ಸಾರಿದನು. ಈ ವೆಸೆಲನೆಂಬವನು 1930ರಲ್ಲಿ ಬರ್ಲಿನ್ನಿನಲ್ಲಿ ಕೊಲೆಯಾದ ನಾಜಿ ಪಡೆಯ ಯುವಕ. ಪಕ್ಷದವರು ಅವನನ್ನು ಹುತಾತ್ಮನೆಂದು ಮೆರೆಸಿ, ಅವನ ಹಾಡನ್ನು ತಮ್ಮ ಗೀತೆಯನ್ನಾಗಿ ಮಾಡಿಕೊಂಡಿದ್ದರು. ಷ್ನೈಡರರು ತಟ್ಟನೆ ಉತ್ತರವಿತ್ತರು: ನಿತ್ಯಲೋಕದಲ್ಲಿ ಅಂತಹ ದಳವೊಂದಿದೆಯೋ ಇಲ್ಲವೋ ನಾನರಿಯೆ, ಈ ಮಗುವಿನ ಪ್ರಯಾಣವನ್ನು ದೇವರು ಹರಸಲಿ. ಮುಖಂಡನು ಮುನಿದು ಅದೇ ಮಾತನ್ನು ಮತ್ತೆ ಹೇಳಿದನು. ಪಾದ್ರಿಗಳೂ ಬಿಡಲಿಲ್ಲ, ಇದು ಸಭೆಯ ವಿಧಿ, ಇಲ್ಲಿ ಶುದ್ಧವಾದ ಬೋಧೆಗೆ ನಾನು ಹೊಣೆಗಾರ ಎಂದು ಆಕ್ಷೇಪಿಸಿದರು. ಮರುದಿನವೇ ಅವರನ್ನು ಹಿಡಿದು ಒಂದು ವಾರ ಸೆರೆಯಲ್ಲಿಟ್ಟರು.

ವಾಚಕರು ಈ ಪ್ರಸಂಗವನ್ನು ಸ್ವಲ್ಪ ನಿಂತು ನೋಡಬೇಕು. ಸತ್ತವರ ಮುಂದೆ ಹೆಚ್ಚುಕಡಿಮೆ ಆಡಿದ ಮಾತಿಗೆ ಯಾರು ಜಗಳವಾಡುತ್ತಾರೆ? ಹೆತ್ತವರು ಅಳುತ್ತಿರುವಾಗ ಮುಖಂಡನು ಏನೋ ಬಡಬಡಿಸಿದನು, ಹೋಗಲಿ ಎಂದು ನಾವಾದರೆ ತಲೆ ತಗ್ಗಿಸಿ ಮನೆಗೆ ಬರುತ್ತಿದ್ದೆವು. ಆದರೆ ಆ ಮಾತು ಬರಿಯ ಬಡಬಡಿಕೆಯಲ್ಲ. ಬದುಕಿದ್ದಾಗ ಹುಡುಗನ ಅಂಗಿ, ಆಟ, ಹಾಡು, ಎತ್ತಿದ ಕೈ ಎಲ್ಲವೂ ಪಕ್ಷದ ಸ್ವತ್ತಾಗಿದ್ದವು; ಸತ್ತ ಮೇಲೂ ಅವನು ಪಕ್ಷದವನೇ ಎಂದು ಮುಖಂಡನು ಹಕ್ಕು ಸಾಧಿಸುತ್ತಿದ್ದನು. ಅರಸನು ಕಪ್ಪವನ್ನು ಕೇಳಬಹುದು, ದುಡಿಮೆಯನ್ನು ಕೇಳಬಹುದು. ಸತ್ತವನ ಗತಿಯನ್ನು ನಿರ್ಣಯಿಸುವೆನೆಂದು ನಮ್ಮ ಪುರಾಣಗಳಲ್ಲಿ ಹಿರಣ್ಯಕಶಿಪುವೂ ಹೊರಟಂತಿಲ್ಲ. ಹಳ್ಳಿಯ ಪಾದ್ರಿಗೆ ಇದು ಅಲ್ಲಿಯೇ, ಆ ಮಣ್ಣಿನ ಗುಂಡಿಯ ಅಂಚಿನಲ್ಲಿಯೇ, ತಿಳಿದುಹೋಯಿತು.

ಮುಂದಿನ ಮೂರು ವರ್ಷಗಳದು ಒಂದೇ ಬಗೆಯ ಕಥೆ. 1935ರ ಮಾರ್ಚಿಯಲ್ಲಿ, ಹೊಸ ಜನಾಂಗಪೂಜೆಯನ್ನು ಖಂಡಿಸುವ ಪತ್ರವನ್ನು ವೇದಿಕೆಯಿಂದ ಓದಬಾರದೆಂದು ಸರಕಾರ ತಡೆಯಿತು. ಸುಮಾರು 700 ಪಾದ್ರಿಗಳು ಸೆರೆಯಾದರು, ಷ್ನೈಡರರೂ ಅವರಲ್ಲಿ ಒಬ್ಬರು. 1936ರ ಮಾರ್ಚಿಯಲ್ಲಿ ಹಿಟ್ಲರನಿಗೆ ಒಪ್ಪಿಗೆ ನೀಡುವ ಮತದಾನ ನಡೆಯಿತು. ಗಂಡಹೆಂಡಿರಿಬ್ಬರೂ ಮತಗಟ್ಟೆಗೆ ಹೋಗಲಿಲ್ಲ. ಮನೆಯ ಗೋಡೆಯ ಮೇಲೆ ಯಾರೋ ನಿಂದೆಯ ಬರಹವನ್ನು ಬಳಿದರು. ಊರವರು ಬಂದು ಅದನ್ನು ತೊಳೆದರು. ತೊಳೆದವರ ಹೆಸರು ಯಾವ ಚರಿತ್ರೆಯ ಪುಸ್ತಕದಲ್ಲಿಯೂ ದೊಡ್ಡದಾಗಿ ಬರುವುದಿಲ್ಲ. 1937ರಲ್ಲಿ, ಪಕ್ಷದ ಕಡೆಗೆ ವಾಲಿದ ಕೆಲವು ಸಭಿಕರ ಮೇಲೆ ಷ್ನೈಡರರೂ ಸಭೆಯ ಹಿರಿಯರೂ ಶಿಸ್ತಿನ ಕ್ರಮಕ್ಕೆ ಕೈಹಾಕಿದುದು ನೆವವಾಯಿತು. ಮೇ 31ರಂದು ಗುಪ್ತಪೊಲೀಸರು ಅವರನ್ನು ಹಿಡಿದು ಕೊಬ್ಲೆಂಟ್ಸ್ ಪಟ್ಟಣದ ಸೆರೆಮನೆಗೆ ಹಾಕಿದರು. ಎಂಟು ವಾರಗಳ ಬಳಿಕ ಬಿಟ್ಟರು, ಒಂದು ಕಟ್ಟಳೆಯೊಡನೆ: ರೈನ್ ಪ್ರಾಂತದಲ್ಲಿ ಇನ್ನು ಕಾಲಿಡಕೂಡದು.

ನಮ್ಮ ಲೇಖನದ ಮೊದಲಿನಲ್ಲಿ ಹೇಳಿದ ಕಾಗದ ಈಗ ಬಂದಿತು. ಗಡೀಪಾರನ್ನು ಒಪ್ಪಿ ನಡೆಯುವೆನೆಂದು ರುಜು ಹಾಕಿದರೆ ಆಯಿತು. ಬೇರೆ ಪ್ರಾಂತದಲ್ಲಿ ಬೇರೆ ಸಭೆ ಸಿಕ್ಕೀತು, ಸಂಸಾರ ಸುಖವಾಗಿದ್ದೀತು. ಷ್ನೈಡರರು ಒಪ್ಪಲಿಲ್ಲ. ಪೊಲೀಸರು ಅವರನ್ನು ಮೋಟಾರಿನಲ್ಲಿ ಗಡಿಯಾಚೆಗೆ ಸಾಗಿಸಿ ಇಳಿಸಿದರು. ಇವರು ರೈಲು ಹತ್ತಿ ಹಿಂದಿರುಗಿ ಮರುದಿನ ಭಾನುವಾರದ ಆರಾಧನೆಯನ್ನು ನಡೆಸಿದರು! ಬಳಿಕ ಮಿತ್ರರ ಒತ್ತಾಯಕ್ಕೆ ಮಣಿದು ಸುಮಾರು ಎರಡು ತಿಂಗಳು ಪ್ರಾಂತದ ಹೊರಗೆ ಇದ್ದರು. ಹಾಗೆ ಒತ್ತಾಯಿಸಿದವರನ್ನು ಹೇಡಿಗಳೆಂದು ಕರೆಯಲು ನಮ್ಮ ಮನಸ್ಸು ಒಪ್ಪದು. ಅವರಲ್ಲಿ ಅನೇಕರು ತಾವೂ ಸೆರೆಮನೆಯನ್ನು ಕಂಡವರು. ಬದುಕಿದ್ದರೆ ನಾಳೆ ಕೆಲಸಮಾಡಬಹುದು ಎಂಬುದು ಅವರ ವಾದ. ಅದು ಸಣ್ಣ ವಾದವಲ್ಲ.

ಇತ್ತ ಡಿಕೆನ್‌ಶೀಡಿನ ಸಭೆಯ ಹಿರಿಯರು ಬಂದುಬಿಡಿರೆಂದು ಕರೆಕಳುಹಿದರು. ಷ್ನೈಡರರು ಸರಕಾರಕ್ಕೆ ಒಂದು ಪತ್ರವನ್ನು ಬರೆದು, ಈ ಆಜ್ಞೆಯನ್ನು ಏತಕ್ಕೆ ಪಾಲಿಸಲಾರೆನೆಂದು ತಿಳಿಸಿದರು. ಕದ್ದು ಮೀರುವುದಲ್ಲ, ಹೇಳಿ ಮೀರುವುದು. ಗಾಂಧೀಜಿಯವರ ದೇಶದಲ್ಲಿ ಬೆಳೆದ ನಮಗೆ ಈ ರೀತಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. 1937ನೆಯ ಅಕ್ಟೋಬರ್ 3 ಸುಗ್ಗಿಯ ಕೃತಜ್ಞತೆಯ ಭಾನುವಾರ. ರೈತರು ದವಸ ಹಣ್ಣುಗಳನ್ನು ತಂದು ವೇದಿಕೆಯ ಮುಂದೆ ಇಡುವ ದಿನ. ಆ ದಿನಕ್ಕೆ ಸರಿಯಾಗಿ ಷ್ನೈಡರರು ಪತ್ನೀಸಮೇತರಾಗಿ ಹಳ್ಳಿಗೆ ಬಂದು ಆರಾಧನೆಯನ್ನು ನಡೆಸಿದರು. ಸಂಜೆ ಎರಡನೆಯ ಹಳ್ಳಿಯ ಆರಾಧನೆಗೆ ಹೋಗುತ್ತಿದ್ದಾಗ ದಾರಿಯಲ್ಲಿಯೇ ಪೊಲೀಸರು ಹಿಡಿದರು. ಆ ಮೇಲೆ ಅವರು ಮನೆಯನ್ನು ಕಾಣಲಿಲ್ಲ.

ಮನೆಯಲ್ಲಿ ಆರು ಮಕ್ಕಳು. ಕಿರಿಯದು ಎಳೆಗೂಸು.

ಇಲ್ಲಿ ಗೃಹಸ್ಥರಾದ ವಾಚಕರು ಕೇಳುವ ಪ್ರಶ್ನೆಯನ್ನು ನಾವು ಬಲ್ಲೆವು. ನಾವೇ ಅದನ್ನು ಕೇಳಿಕೊಂಡಿದ್ದೇವೆ. ಪಾಠಹೇಳುತ್ತಿದ್ದ ಕಾಲದಲ್ಲಿ ಒಮ್ಮೆ ರಾಘವಾಂಕನ ಹರಿಶ್ಚಂದ್ರನ ಕಥೆಯನ್ನು ವಿವರಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸತ್ಯ ಅವನದು ಸಾರ್, ಹೆಂಡತಿಯನ್ನೇಕೆ ಮಾರಿದ?” ಎಂದನು. ತರಗತಿಯೆಲ್ಲ ನಕ್ಕಿತು. ನಾವು ಕುಳಿತುಕೊಳ್ಳೆಂದು ಹೇಳಿ ಮುಂದಿನ ಪದ್ಯಕ್ಕೆ ಹೋದೆವು. ಆ ಹುಡುಗನ ಪ್ರಶ್ನೆ ಷ್ನೈಡರರ ಚರಿತ್ರೆಯನ್ನು ಓದುವಾಗ ಮತ್ತೆ ಎದ್ದು ನಿಲ್ಲುತ್ತದೆ. ವಿಶ್ವಾಮಿತ್ರನು ಹರಿಶ್ಚಂದ್ರನನ್ನು ಕಾಡಿದ್ದೂ ಹೀಗೆಯೇ ಅಲ್ಲವೇ? ಒಂದೇ ಮಾತು ತಪ್ಪು, ರಾಜ್ಯವನ್ನೆಲ್ಲ ಹಿಂದಕ್ಕೆ ಕೊಡುವೆ ಎಂದು. ಇಲ್ಲಿಯೂ ಒಂದೇ ರುಜು. ಕೊಬ್ಲೆಂಟ್ಸಿನಲ್ಲಿ ಕೇಳಿದರು, ಮುಂದೆ ಶಿಬಿರದಲ್ಲಿಯೂ ಕೇಳಿದರು. ಯಾವ ದಿನ ರುಜು ಹಾಕಿದರೂ ಆ ದಿನ ಬಿಡುಗಡೆ. ಅಪ್ಪನಿಗಾಗಿ ಕಾದಿರುವ ಆರು ಮಕ್ಕಳ ಮುಂದೆ ಒಂದು ಗೆರೆಯ ಮಸಿ ಏನು ಮಹಾ?

ಇದಕ್ಕೆ ನಾವು ಕೊಡಬಲ್ಲ ಉತ್ತರ ಇಷ್ಟು. ಹರಿಶ್ಚಂದ್ರನು ಚಂದ್ರಮತಿಯನ್ನು ಮಾರಿದನು. ಷ್ನೈಡರರು ಮಾರ್ಗರೇಟೆಯವರನ್ನು ಮಾರಲಿಲ್ಲ. ಆಕೆ ಪಾದ್ರಿಯ ಮಗಳು, ಸಭೆಯ ಹೊಣೆಯೇನೆಂದು ತವರಿನಲ್ಲಿಯೇ ಕಂಡವರು. ಹಿಂದಿರುಗಿದರೆ ಸೆರೆಯೆಂದು ತಿಳಿದಿದ್ದೂ ಸುಗ್ಗಿಯ ಭಾನುವಾರದ ಪ್ರಯಾಣಕ್ಕೆ ಗಂಡನ ಜೊತೆಗೆ ತಾವೂ ಹೊರಟರು. ಸೆರೆಮನೆಗೆ ಹೋಗಿ ಗಂಡನನ್ನು ಕಂಡರು. ಅವರ ನಿರ್ಧಾರಕ್ಕೆ ಅಡ್ಡಬರಲಿಲ್ಲ. ಸಹಧರ್ಮಿಣಿ ಎಂಬ ಪದವನ್ನು ನಾವು ಮದುವೆಯ ಕರೆಯೋಲೆಗಳಲ್ಲಿ ಬಹಳ ಅಗ್ಗವಾಗಿ ಬಳಸುತ್ತೇವೆ. ಮಕ್ಕಳ ಮಾತು ಬೇರೆ. ಅವರನ್ನು ಯಾರೂ ಕೇಳಲಿಲ್ಲ, ಕೇಳುವ ವಯಸ್ಸೂ ಅಲ್ಲ. ಆ ಲೆಕ್ಕ ಹಾಗೆಯೇ ಉಳಿಯುತ್ತದೆ. ಅದನ್ನು ತೀರಿಸಿದೆವೆಂದು ಹೇಳುವ ಧೈರ್ಯ ನಮಗಿಲ್ಲ.

1937ರ ನವೆಂಬರಿನ ಕೊನೆಯಲ್ಲಿ ಷ್ನೈಡರರನ್ನು ಬೂಖೆನ್‌ವಾಲ್ಡ್ ಶಿಬಿರಕ್ಕೆ ಒಯ್ದರು. ಬೀಚ್ ಮರಗಳ ಕಾಡು ಎಂದು ಆ ಹೆಸರಿಗೆ ಅರ್ಥ. ವೈಮರ್ ಪಟ್ಟಣಕ್ಕೆ ಎರಡು ಹರದಾರಿಗಿಂತ ಕಡಿಮೆ ದೂರದ ಗುಡ್ಡದ ಮೇಲೆ ಅದೇ ವರ್ಷ ಅದನ್ನು ಕಟ್ಟಿದ್ದರು. ವೈಮರ್ ಎಂದರೆ ಮಹಾಕವಿ ಗಯಟೆಯ ಊರು. ಕಾಳಿದಾಸನ ಶಾಕುಂತಲದ ಅನುವಾದವನ್ನು ಓದಿ 1791ರಲ್ಲಿ ಆತನು ತಲೆದೂಗಿದ ಸಂಗತಿಯನ್ನು ಸಂಸ್ಕೃತದ ವಿದ್ಯಾರ್ಥಿಗಳೆಲ್ಲ ಬಲ್ಲರು. ಕಣ್ವಾಶ್ರಮದ ಜಿಂಕೆಯ ಮರಿಗೂ ಮರುಗಿದ ಕವಿಯ ಊರ ಮಗ್ಗುಲಲ್ಲಿ ಮುಂದೆ ಎಂಟು ವರ್ಷಗಳಲ್ಲಿ ಸುಮಾರು 56,000 ಜನರು ಸತ್ತರು. ವಿದ್ಯೆಯು ಮನುಷ್ಯನನ್ನು ತಿದ್ದುವುದೆಂದು ಜೀವಮಾನವೆಲ್ಲ ಪಾಠಹೇಳಿದ ನಮ್ಮಂತಹವರಿಗೆ ಈ ಭೂಗೋಳವು ಕಹಿಯಾದುದು.

1938ನೆಯ ಏಪ್ರಿಲ್ 20, ಹಿಟ್ಲರನ ಹುಟ್ಟುಹಬ್ಬ. ಬಯಲಿನಲ್ಲಿ ಬಂದಿಗಳನ್ನೆಲ್ಲ ಸಾಲುಗಟ್ಟಿ ನಿಲ್ಲಿಸಿ, ಸ್ವಸ್ತಿಕದ ಬಾವುಟಕ್ಕೆ ಟೋಪಿ ತೆಗೆಯಿರೆಂದು ಅಪ್ಪಣೆಮಾಡಿದರು. ಸಾವಿರಾರು ಟೋಪಿಗಳು ಒಟ್ಟಿಗೆ ಕೆಳಗಿಳಿದವು. ಒಂದು ಮಾತ್ರ ಇಳಿಯಲಿಲ್ಲ. ಸ್ವಸ್ತಿಕವು ನಮ್ಮ ಹೊಸ್ತಿಲಿನ ಗುರುತು. ‘ಸು’ ಎಂದರೆ ಒಳಿತು, ‘ಅಸ್ತಿ’ ಎಂದರೆ ಇದೆ. ಮನೆಗೆ ಬಂದವರಿಗೆ ಒಳಿತಾಗಲೆಂದು ನಮ್ಮ ಹೆಂಗಸರು ಅದನ್ನು ಬಾಗಿಲಿಗೆ ಬರೆಯುವರು. ಜರ್ಮನರ ಭಾಷೆಯಲ್ಲಿ ಅದರ ಹೆಸರು ಕೊಕ್ಕೆಯ ಶಿಲುಬೆ. ಅದರಡಿಯಲ್ಲಿ ನಡೆದುದಕ್ಕೆ ಆ ಕೊಕ್ಕೆಯ ಹೆಸರೇ ಒಪ್ಪುವುದು. ನಮ್ಮ ಪದವನ್ನು ಅವರಿಗೆ ಎರವಲು ಕೊಡುವುದೇಕೆ?

ಟೋಪಿ ತೆಗೆಯದ ಅಪರಾಧಕ್ಕೆ 25 ಚಾಟಿಯೇಟು, ಬಳಿಕ ಒಂಟಿಕೋಣೆ. ಆ ಕೋಣೆಗಳ ಕಾವಲುಗಾರನಾದ ಸೋಮರ್ ಎಂಬವನು ಹಿಂಸೆಗೆ ಹೆಸರಾದವನು. ಅಲ್ಲಿ ಷ್ನೈಡರರು ಹದಿನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಇದ್ದರು. ಅವರ ಮೈಮೇಲೆ ನಡೆದುದನ್ನೆಲ್ಲ ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಬರೆಯುವುದು ಬೇಡ. ಆದರೆ ಕೋಣೆಯ ಕಿಟಕಿಯು ಬಂದಿಗಳ ಹಾಜರಿ ತೆಗೆದುಕೊಳ್ಳುವ ಬಯಲಿಗೆ ಎದುರಾಗಿತ್ತು. ಹಬ್ಬದ ದಿನಗಳಲ್ಲಿ, ಮೌನವಾಗಿ ನಿಂತ ಸಾವಿರಾರು ಜನರಿಗೆ ಕೇಳಿಸುವಂತೆ, ಕಿಟಕಿಯ ಸರಳುಗಳ ಹಿಂದಿನಿಂದ ಸತ್ಯವೇದದ ವಚನಗಳು ಗಟ್ಟಿಯಾಗಿ ಹೊರಡುತ್ತಿದ್ದವು. ಒಂದೆರಡು ವಾಕ್ಯ ಆಗುವಷ್ಟರಲ್ಲಿ ಕಾವಲುಗಾರರು ಒಳನುಗ್ಗಿ ಬಡಿಯುವ ಸದ್ದು. ಬಂದಿಗಳನ್ನು ಕೊಂದಾಗ, ಇದು ಕೊಲೆ, ನಾನು ಸಾಕ್ಷಿ ಎಂದೂ ಅದೇ ಕಿಟಕಿಯಿಂದ ಕೂಗಿದರು. ಇದನ್ನೆಲ್ಲ ಹೇಳಿದವರು ಅವರ ಪಂಥದವರು ಮಾತ್ರವಲ್ಲ. ಶಿಬಿರದ ವೈದ್ಯನ ಗುಮಾಸ್ತೆಯಾಗಿ ದುಡಿದ ಬಂದಿ ವಾಲ್ಟರ್ ಪೋಲರ್ ಸಮಾಜವಾದಿ ಪತ್ರಕರ್ತ. ಇನ್ನೊಬ್ಬ ಬಂದಿ ಲಿಯೋನ್‌ಹಾರ್ಡ್ ಸ್ಟೈನ್‌ವೆಂಡರ್ ಆಸ್ಟ್ರಿಯದ ಕೆಥೊಲಿಕ್ ಪಾದ್ರಿ. ಇಬ್ಬರೂ ಯುದ್ಧ ಮುಗಿದೊಡನೆ, 1946ರಲ್ಲಿ, ತಮ್ಮ ಪುಸ್ತಕಗಳಲ್ಲಿ ಈ ಮನುಷ್ಯನ ವಿಷಯವನ್ನು ಬರೆದರು.

ಕಿಟಕಿಯ ಮಾತಿನಿಂದ ಶಿಬಿರದಲ್ಲಿ ಏನು ಬದಲಾಯಿತು ಎಂದು ಕೇಳಿದರೆ, ಏನೂ ಇಲ್ಲ. ಒಂದು ಸರಳೂ ಬಗ್ಗಲಿಲ್ಲ. ಸರ್ವಾಧಿಕಾರಿಗೆ ಇದಿರಾಗಿ ಸಂಚು ಹೂಡಿದ ಪಾದ್ರಿಗಳೂ ಇದ್ದರು. ಡೀಟ್ರಿಖ್ ಬೋನ್‌ಹೋಫರ್ ಎಂಬ ಪಂಡಿತರು ಅವರಲ್ಲಿ ಪ್ರಸಿದ್ಧರು; 1934ರಲ್ಲಿ ಗಾಂಧೀಜಿಯವರು ಅವರನ್ನು ತಮ್ಮ ಆಶ್ರಮಕ್ಕೆ ಆಹ್ವಾನಿಸಿದ್ದರು, ಬರಲಾಗಲಿಲ್ಲ; 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಷ್ನೈಡರರು ಸಂಚುಗಾರರಲ್ಲ. ರಾಜ್ಯವನ್ನು ಉರುಳಿಸಬೇಕೆಂದು ಅವರು ಹೊರಟವರೂ ಅಲ್ಲ. ಸುಳ್ಳನ್ನು ಸುಳ್ಳೆಂದು, ಕೊಲೆಯನ್ನು ಕೊಲೆಯೆಂದು ಅವರು ಕರೆದರು, ಕೇಳುವವರು ಇರುವಲ್ಲಿ. ಬಾವುಟಕ್ಕೆ ಟೋಪಿಯಿಳಿಸಿ ನಿಂತ ಬಂದಿಗೆ, ಇದನ್ನು ತಪ್ಪೆಂದು ಹೇಳುವ ಕೊರಳು ಇನ್ನೂ ಒಂದು ಉಳಿದಿದೆ ಎಂದು ತಿಳಿಯುವುದು ಎಷ್ಟರ ಮಟ್ಟಿನ ಸಂಗತಿಯೆಂಬುದನ್ನು ಅಲ್ಲಿ ನಿಂತವರೇ ಹೇಳಬೇಕು. ನಾವು ಆರಾಮಕುರ್ಚಿಯಲ್ಲಿ ಕುಳಿತು ಬೆಲೆಕಟ್ಟಲಾಗದು.

ದುಃಖದ ಸಂಗತಿಯೆಂದರೆ, ರೈನ್ ಪ್ರಾಂತದ ಧರ್ಮಮಂಡಲಿಯೇ ಸರಕಾರದ ಜೊತೆಗೂಡಿ ಅವರನ್ನು ಆ ಸಭೆಯಿಂದ ತೆಗೆಯಲು ಹವಣಿಸಿತು. ಸೆರೆಯಲ್ಲಿರುವವನನ್ನು ಕೆಲಸದಿಂದ ಬಿಡಿಸುವುದು ಎಷ್ಟು ಸುಲಭ!

1939ನೆಯ ಜುಲೈ 18ರಂದು ಶಿಬಿರದ ವೈದ್ಯನು ಸ್ಟ್ರೋಫಾಂತಿನ್ ಎಂಬ ಹೃದಯದ ಔಷಧವನ್ನು ಮಿತಿಮೀರಿ ಚುಚ್ಚಿ ಷ್ನೈಡರರನ್ನು ಕೊಂದನು. ವಯಸ್ಸು ನಾಲ್ವತ್ತೊಂದು. ಹೃದಯ ನಿಂತು ಸತ್ತರೆಂದು ಮನೆಗೆ ತಿಳಿಸಿದರು. ಮಾರ್ಗರೇಟೆಯವರು ಅಷ್ಟು ದೂರ ಪ್ರಯಾಣಮಾಡಿ, ಮುದ್ರೆಯೊತ್ತಿದ ಶವಪೆಟ್ಟಿಗೆಯನ್ನು ಡಿಕೆನ್‌ಶೀಡಿಗೆ ತಂದರು. ಶಿಬಿರದ ಮುಖ್ಯಾಧಿಕಾರಿ ಕೋಖನ ಗತಿಯನ್ನೂ ಇಲ್ಲಿಯೇ ಹೇಳಿಬಿಡುವೆವು: ಹಣ ನುಂಗಿದ ಮತ್ತು ಕೊಲೆಯ ಅಪರಾಧಗಳಿಗಾಗಿ 1945ರ ಏಪ್ರಿಲಿನಲ್ಲಿ ಅವನ ಪಡೆಯವರೇ ಅವನನ್ನು ಗುಂಡಿಟ್ಟು ಕೊಂದರು.

ಜುಲೈ 21ರಂದು ಹಳ್ಳಿಯಲ್ಲಿ ಸಮಾಧಿಯಾಯಿತು. ಗುಪ್ತಪೊಲೀಸರು ನೋಡುತ್ತಿದ್ದಂತೆಯೇ ಸುಮಾರು 200 ಮಂದಿ ಪಾದ್ರಿಗಳು ಶವದ ಹಿಂದೆ ನಡೆದರು. ರೈತರೂ ಹೆಂಗಸರೂ ಕೂಡಿದ ಜನಸಂದಣಿ ಬೇರೆ. ಆಗ ಲಂಡನ್ನಿನಲ್ಲಿದ್ದ ಬೋನ್‌ಹೋಫರರು ಸುದ್ದಿ ತಿಳಿದು, ತಮ್ಮ ಸೋದರಿಯ ಮಕ್ಕಳಿಗೆ ಈ ಹೆಸರನ್ನು ಎಂದಿಗೂ ಮರೆಯಬೇಡಿರೆಂದು ಹೇಳಿದರಂತೆ. ಆರು ವಾರಗಳೊಳಗೆ ಮಹಾಯುದ್ಧ ಆರಂಭವಾಯಿತು. ಒಬ್ಬ ಹಳ್ಳಿಯ ಪಾದ್ರಿಯ ಸಾವು ಕೋಟಿ ಸಾವುಗಳ ಕೆಳಗೆ ಹುದುಗಿತು.

ಅದನ್ನು ಮತ್ತೆ ಮೇಲಕ್ಕೆ ತಂದವರು ಮಾರ್ಗರೇಟೆಯವರೇ. ಆರು ಮಕ್ಕಳೊಡನೆ ಪಾದ್ರಿಯ ಬಿಡಾರವನ್ನು ಬಿಟ್ಟುಹೋದ ಆಕೆ, ಗಂಡನ ಸೆರೆಮನೆಯ ಪತ್ರಗಳನ್ನು ಕಾದಿಟ್ಟು, 1953ರಲ್ಲಿ ‘ಬೂಖೆನ್‌ವಾಲ್ಡಿನ ಉಪದೇಶಕ’ ಎಂಬ ಅರ್ಥದ ಹೆಸರಿನಲ್ಲಿ ಅವರ ಚರಿತ್ರೆಯನ್ನು ಪ್ರಕಟಿಸಿದರು. 2000ದಲ್ಲಿ ರೋಮ್ ನಗರದಲ್ಲಿ ಇಪ್ಪತ್ತನೆಯ ಶತಮಾನದ ಹುತಾತ್ಮರ ಸ್ಮರಣೆ ನಡೆದಾಗ ಕೆಥೊಲಿಕರ ಪೋಪರು ಈ ಪ್ರೊಟೆಸ್ಟೆಂಟ್ ಪಾದ್ರಿಯ ಹೆಸರನ್ನೂ ಸ್ಮರಿಸಿದರು. ಅದನ್ನು ಕೇಳಲು ಆಕೆ ಇನ್ನೂ ಇದ್ದರು. 2002ರ ಡಿಸೆಂಬರಿನಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು. ಗಂಡನೊಡನೆ ಬಾಳಿದುದು, ಸೆರೆಯ ದಿನಗಳನ್ನೂ ಸೇರಿಸಿದರೆ, ಹದಿಮೂರು ವರ್ಷ ತುಂಬಲಿಲ್ಲ. ಒಬ್ಬರೇ ಬಾಳಿದುದು ಅರುವತ್ತಮೂರು ವರ್ಷ.